ಇಷ್ಟು ಹೊತ್ತು ಮಾತಾಡ್ತೀರಲ್ಲ ಡಾಕ್ಟ್ರೇ, ಪುರುಸೊತ್ತು ಎಲ್ಲಿಂದ?

ಹುಟ್ಟಿ ಬೆಳೆದ ಊರಲ್ಲೇ ಫ್ಯಾಮಿಲಿ ಡಾಕ್ಟರ್ ಆಗಿರುವ ನನಗೆ ಈ ಪ್ರಶ್ನೆ ಎಲ್ಲ ಕಡೆಯಿಂದಲೂ ಬರುತ್ತದೆ. ಹೊರಗೆ ಕಾಯುವವರು ಸ್ವಲ್ಪ ಬೇಸರದಲ್ಲಿ ಕೇಳುತ್ತಾರೆ. ಈಗಷ್ಟೇ ಓದು ಮುಗಿಸಿ ಬಂದ ಕಿರಿಯ ಡಾಕ್ಟರುಗಳು ನಿಜಕ್ಕೂ ತಿಳಿದುಕೊಳ್ಳಬೇಕು ಅಂತ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಚಿಕಿತ್ಸೆ ಶುರುವಾಗುವುದೇ ಆ ಮಾತಿನಿಂದ.

1975ರಲ್ಲಿ ಬ್ರಿಟನ್ನಿನ ಡಾಕ್ಟರುಗಳು ಹೊಸದಾಗಿ ಬಂದ 80 ರೋಗಿಗಳನ್ನು ಗಮನಿಸಿದ್ದರು. ಅವರಲ್ಲಿ 66 ಮಂದಿಯ ಕಾಯಿಲೆ ಏನು ಅನ್ನುವುದು, ಕಳಿಸಿದ ಡಾಕ್ಟರ ಪತ್ರ ಓದಿ ರೋಗಿ ಹೇಳಿದ್ದನ್ನು ಕೇಳಿದಾಗಲೇ ಸರಿಯಾಗಿ ಗೊತ್ತಾಗಿತ್ತು. ಮೈ ಮುಟ್ಟಿ ನೋಡಿದ ಮೇಲೆ ಬದಲಾಗಿದ್ದು 7 ಮಂದಿಯದ್ದು, ಲ್ಯಾಬ್ ಪರೀಕ್ಷೆಗಳಿಂದ ಬದಲಾಗಿದ್ದು ಇನ್ನು 7 ಮಂದಿಯದ್ದು. ಆಮೇಲೆ ಸ್ಕ್ಯಾನ್‌ಗಳು ಎಷ್ಟೋ ಮುಂದೆ ಹೋಗಿವೆ, ನಿಜ. ಆದರೆ ಯಾವ ಸ್ಕ್ಯಾನ್ ಬೇಕು, ಬೇಕೋ ಬೇಡವೋ ಅಂತ ಹೇಳುವುದು ಈಗಲೂ ರೋಗಿಯ ಮಾತೇ.

ಬಿಟ್ಟರೆ ಮಾತಾಡುತ್ತಲೇ ಇರುತ್ತಾರೆ ಅನ್ನುವ ಭಯ ಎಲ್ಲ ಡಾಕ್ಟರಿಗೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದನ್ನು ಅಳೆದೇ ನೋಡಿದರು, 2002ರಲ್ಲಿ ಅದು ಪ್ರಕಟವಾಯಿತು. ಮಧ್ಯೆ ಬಾಯಿ ಹಾಕದೆ ಬಿಟ್ಟರೆ ರೋಗಿ ತನ್ನ ಕಷ್ಟ ಹೇಳಿ ಮುಗಿಸಲು ಸರಾಸರಿ 92 ಸೆಕೆಂಡ್ ಸಾಕಾಗಿತ್ತು. ಮುನ್ನೂರಕ್ಕೂ ಹೆಚ್ಚು ಜನರಲ್ಲಿ ಐದು ನಿಮಿಷ ದಾಟಿದವರು ಏಳೇ ಮಂದಿ. ಅವರು ಹೇಳಿದ್ದೂ ಬೇಕಾದ ವಿಷಯವೇ ಆಗಿತ್ತು ಅಂತ ಡಾಕ್ಟರುಗಳೇ ಒಪ್ಪಿಕೊಂಡರು. ಅಂದರೆ ಒಂದೂವರೆ ನಿಮಿಷ! ಅಷ್ಟು ಹೊತ್ತು ಕಂಪ್ಯೂಟರ್ ಕಡೆ ತಿರುಗದೆ ಸುಮ್ನೆ ಕೂತು ಕೇಳಿದರೆ ಮುಂದಿನ ಎಷ್ಟೋ ಪ್ರಶ್ನೆಗಳನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ಕೇಳದಿದ್ದರೆ ಏನಾಗುತ್ತೆ ಅಂತ ಪ್ರತಿ ಡಾಕ್ಟರಿಗೂ ಗೊತ್ತು. ಮಂಡಿ ನೋವು ಅಂತ ಬಂದವರು ಚೀಟಿ ತೆಗೆದುಕೊಂಡು ಎದ್ದು, ಬಾಗಿಲ ಹತ್ತಿರ ಹೋಗಿ ನಿಂತು, "ಅಂದ ಹಾಗೆ ಡಾಕ್ಟ್ರೇ, ಎರಡು ವಾರದಿಂದ ಮೂತ್ರದಲ್ಲಿ ಸ್ವಲ್ಪ ರಕ್ತ ಕಾಣ್ತಿದೆ" ಅನ್ನುತ್ತಾರೆ. ಅವರು ಬಂದಿದ್ದೇ ಅದಕ್ಕೆ. ಹೇಳಲು ಭಯ, ನಾಚಿಕೆ, ಡಾಕ್ಟರು ಅವಸರದಲ್ಲಿದ್ದಾರೆ ಅನ್ನುವ ಸಂಕೋಚ. ಅಂಥವರನ್ನು ವಾಪಸ್ ಕೂರಿಸಲೇಬೇಕು. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಸರಿ.

ಬಿಪಿ ಮಾತ್ರೆಯ ವಿಷಯ ಇನ್ನೂ ಸೂಕ್ಷ್ಮ. "ಮಾತ್ರೆ ತಗೊಳ್ತಿದ್ದೀರಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ದಿನಾ ನೆನಪಿಟ್ಟು ತಗೊಳ್ಳೋದು ಕಷ್ಟ ಅಲ್ವಾ, ವಾರದಲ್ಲಿ ಎಷ್ಟು ಸಲ ತಪ್ಪಿ ಹೋಗುತ್ತೆ?" ಅಂತ ಕೇಳಿ ನೋಡಿ, ನಿಜ ಹೊರಗೆ ಬರುತ್ತದೆ. ಒಬ್ಬರಿಗೆ ಆಮ್ಲೊಡಿಪಿನ್‌ನಿಂದ ಪಾದ ಊದಿಕೊಂಡಿರುತ್ತದೆ, ಇನ್ನೊಬ್ಬರಿಗೆ ಎನಲಾಪ್ರಿಲ್‌ನಿಂದ ಒಣ ಕೆಮ್ಮು, ಮತ್ತೊಬ್ಬರು ಬಸ್ಸಿನಲ್ಲಿ ದೂರ ಹೋಗುವ ದಿನ ಮೂತ್ರ ಜಾಸ್ತಿ ಆಗುತ್ತೆ ಅಂತ ಮಾತ್ರೆ ಬಿಟ್ಟಿರುತ್ತಾರೆ, ಕೆಲವರ ಕೈಯಲ್ಲಿ ತಿಂಗಳ ಕೊನೆಗೆ ದುಡ್ಡೇ ಇರುವುದಿಲ್ಲ. ಇದಾವುದೂ ಗೊತ್ತಿಲ್ಲದ ಡಾಕ್ಟರು ಬಿಪಿ ಇಳಿದಿಲ್ಲ ಅಂತ ಡೋಸ್ ಏರಿಸುತ್ತಾರೆ. ಬೈದರಂತೂ ಮುಗಿಯಿತು, ಮುಂದಿನ ಸಲದಿಂದ ಸುಳ್ಳೇ ಹೇಳುತ್ತಾರೆ. ನಿಜ ಹೇಳಿದರೆ ತನ್ನ ಮರ್ಯಾದೆ ಹೋಗುವುದಿಲ್ಲ ಅಂತ ರೋಗಿಗೆ ಗೊತ್ತಿರಬೇಕು. ಕರುಣೆ ಅಂದರೆ ನನ್ನ ಮಟ್ಟಿಗೆ ಮೊದಲು ಅದೇ.

ಹಾಗಂತ ಎಲ್ಲರ ಜೊತೆ ಕಥೆ ಕೇಳುತ್ತಾ ಕೂರುವುದಿಲ್ಲ. ಎದೆ ಹಿಡಿದುಕೊಂಡು ಬೆವರುತ್ತಾ ಬಂದವರಿಗೆ ಮೊದಲು ಇಸಿಜಿ, ಆಂಬುಲೆನ್ಸ್, ಆಮೇಲೆ ಮಾತು. ಡಾಕ್ಟರು ತುಂಬಾ ಒಳ್ಳೆಯವರು, ಆದರೆ ದೊಡ್ಡ ಆಸ್ಪತ್ರೆಗೆ ಕಳಿಸಲು ತಡ ಮಾಡುತ್ತಾರೆ ಅನ್ನುವ ಹಾಗಿದ್ದರೆ ಆ ಒಳ್ಳೆಯತನದಿಂದ ಯಾರಿಗೂ ಉಪಯೋಗವಿಲ್ಲ.

ಕೇಳಿದ್ದೆಲ್ಲ ಕೊಡುವುದೂ ಕರುಣೆ ಅಲ್ಲ. ನೆಗಡಿ ಕೆಮ್ಮಿಗೆ ಆಂಟಿಬಯಾಟಿಕ್ ಬರೆದು ಕಳಿಸುವುದು ಸುಲಭ, ಬೇಡ ಅಂತ ವಿವರಿಸಲು ಹೊತ್ತು ಬೇಕು. ವೈರಸ್‌ಗೆ ಅದು ನಾಟುವುದಿಲ್ಲ. ಇಂಥ ಕೆಮ್ಮು ಸರಾಸರಿ ಎರಡೂವರೆ ವಾರ ಇರುತ್ತದೆ, ಜನ ಒಂದೇ ವಾರದಲ್ಲಿ ಹೋಗಬೇಕು ಅಂದುಕೊಂಡಿರುತ್ತಾರೆ. ಇದನ್ನು ಮೊದಲೇ ಹೇಳಿ, ಉಸಿರಾಟ ಕಷ್ಟವಾದರೆ, ಕಫದಲ್ಲಿ ರಕ್ತ ಬಂದರೆ, ಜ್ವರ ಬಿಟ್ಟು ಮತ್ತೆ ಏರಿದರೆ ತಕ್ಷಣ ಬನ್ನಿ ಅಂತ ಹೇಳಿ ಕಳಿಸಿದರೆ ಹೆಚ್ಚಿನವರಿಗೆ ಧೈರ್ಯ ಬರುತ್ತದೆ.

ಇನ್ನು ಪುರುಸೊತ್ತಿನ ಮಾತು. ಒಂದೇ ಊರಲ್ಲಿ ವರ್ಷಗಟ್ಟಲೆ ಇದ್ದರೆ ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಈಕೆಯ ತಂದೆಗೂ ಶುಗರ್ ಇತ್ತು, ಈತ ನೋವು ತಡೆದುಕೊಳ್ಳುವವನು, ಬಂದಿದ್ದಾನೆ ಅಂದರೆ ನಿಜಕ್ಕೂ ಜಾಸ್ತಿ ಇದೆ ಅಂತ ನನಗೆ ಮೊದಲೇ ಗೊತ್ತಿರುತ್ತದೆ. ನಾರ್ವೆಯಲ್ಲಿ 45 ಲಕ್ಷದಷ್ಟು ಜನರ ದಾಖಲೆ ನೋಡಿ 2021ರಲ್ಲಿ ಒಂದು ಅಧ್ಯಯನ ಬಂತು. 15 ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಫ್ಯಾಮಿಲಿ ಡಾಕ್ಟರ ಹತ್ತಿರ ಇದ್ದವರಲ್ಲಿ, ಒಂದೇ ವರ್ಷ ಇದ್ದವರಿಗಿಂತ ತುರ್ತಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು 28% ಕಡಿಮೆ, ಸಾವಿನ ಸಾಧ್ಯತೆ 25% ಕಡಿಮೆ ಇತ್ತು. ಪರಿಚಯ ಒಂದೇ ಇದಕ್ಕೆ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಆದರೆ ನನ್ನ ಅನುಭವಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ವಾಸಿಯಾಗದ ಕಾಯಿಲೆಯಲ್ಲಿ ಈ ಪರಿಚಯ ಇನ್ನೂ ಬೇಕು. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದು ಮನೆಯಲ್ಲೇ ಮಲಗಿದವರಿಗೆ ಮಾಡುವುದೇನೂ ಉಳಿದಿಲ್ಲ ಅನ್ನುತ್ತಾರಲ್ಲ, ಅದು ನಿಜವಲ್ಲ. ನೋವಿಗೆ ಮಾರ್ಫಿನ್ ಹೊಂದಿಸಬೇಕು, ಅದರಿಂದ ಮಲಬದ್ಧತೆ ಆಗದ ಹಾಗೆ ಮೊದಲೇ ಔಷಧಿ ಕೊಡಬೇಕು, ಬೆನ್ನಿಗೆ ಹುಣ್ಣಾಗದಂತೆ ಹೊರಳಿಸುವುದು ಹೇಗೆ ಅಂತ ಮನೆಯವರಿಗೆ ಕಲಿಸಬೇಕು, ರಾತ್ರಿಯೆಲ್ಲ ಎಚ್ಚರ ಇರುವ ಹೆಂಡತಿಯೋ ಮಗನೋ ಹೇಗಿದ್ದಾರೆ ಅಂತ ವಿಚಾರಿಸಬೇಕು. ಎಲ್ಲ ಮುಗಿದ ಮೇಲೆ ಕೆಲವು ವಾರ ಬಿಟ್ಟು ಅವರಿಗೆ ಫೋನ್ ಮಾಡುತ್ತೇನೆ. "ಇನ್ನೂ ಬೇಗ ಕರ್ಕೊಂಡು ಬಂದಿದ್ರೆ ಉಳೀತಿದ್ರಾ ಡಾಕ್ಟ್ರೇ?" ಅಂತ ಎಷ್ಟೋ ಜನ ಕೇಳುತ್ತಾರೆ. ಮೊದಲ ದಿನದಿಂದ ನೋಡಿದ್ದರಿಂದ ಯಾವಾಗ ಏನಾಯಿತು, ಏನು ಮಾಡಿದೆವು, ಯಾವುದು ಯಾರ ಕೈಯಲ್ಲೂ ಇರಲಿಲ್ಲ ಅಂತ ಅವರಿಗೆ ಬಿಡಿಸಿ ಹೇಳಲು ನನ್ನಿಂದ ಆಗುತ್ತದೆ.