ಅಟ್ಟದ ಮೇಲಿನ ಮ್ಯಾಮತ್: ಕೆಲಸದ ಟಿಪ್ಪಣಿಗಳು

ಮಾರ್ಚ್ 9

ಆಡಮ್ಸ್ ಮ್ಯಾಮತ್ತಿನ, ಅಂದರೆ ಸೈಬೀರಿಯಾದ ಮಂಜಿನಲ್ಲಿ ಸಿಕ್ಕ, ಈಗ ಅಳಿದುಹೋಗಿರುವ ಕೂದಲಾನೆಯ ಅಸ್ಥಿಪಂಜರವನ್ನು ಹತ್ತನೆಯ ಒಂದು ಅಳತೆಯಲ್ಲಿ ಮಾಡುವ ಕೆಲಸಕ್ಕೆ ಇವತ್ತು ಕೈಹಾಕಿದೆ. ಮೂಲ ಇರುವುದು ಸೇಂಟ್ ಪೀಟರ್ಸ್‌ಬರ್ಗಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ. ಅದನ್ನು ಮೊದಲು ಜೋಡಿಸಿದ ಕಾಲದ ಅಳತೆಗಳೇ ನನ್ನ ಆಧಾರ: ಹಣೆಯಿಂದ ಬಾಲದ ತುದಿಯವರೆಗೆ 16 ಅಡಿ 4 ಅಂಗುಲ, ಬೆನ್ನಿನ ಎತ್ತರ 9 ಅಡಿ 4 ಅಂಗುಲ, ಬಾಗನ್ನು ಅನುಸರಿಸಿ ಅಳೆದರೆ ದಂತ 9 ಅಡಿ 6 ಅಂಗುಲ. ಅಂದರೆ ನನ್ನ ಮೇಜಿನ ಮೇಲೆ ಹತ್ತೊಂಬತ್ತೂವರೆ ಅಂಗುಲದ ಪ್ರಾಣಿ. ನಿವೃತ್ತ ಚಿತ್ರಕಲಾ ಮೇಷ್ಟರ ಅಟ್ಟಕ್ಕೆ ಇದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ.

ಸಾಮಗ್ರಿ: ಕಟ್ಟಡದವರು ಬಳಸುವ ಕಟ್ಟುತಂತಿ, ಹಳೆಯ ಪತ್ರಿಕೆಗಳ ತಿರುಳು, ಸೀಮೆಸುಣ್ಣದ ಪುಡಿ, ಮೈದಾ ಅಂಟು. ಮೈದಾ ಅಂಟಿನ ಬಗ್ಗೆ ಮುಂದೆ ಬರೆಯಬೇಕಾಗಿ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮಾರ್ಚ್ 27

ಬೆನ್ನುಮೂಳೆಯ ತಂತಿ ಬಗ್ಗಿಸಿ ಮುಗಿಯಿತು. ಮೊದಲ ಸಲ ಬಗ್ಗಿಸಿದ್ದು ತಪ್ಪಾಗಿತ್ತು. ಮೈಸೂರಿನವನ ಕೈ, ಆನೆ ಎಂದರೆ ತಾನಾಗಿಯೇ ನಡುಬೆನ್ನನ್ನು ಮೇಲಕ್ಕೆ ಉಬ್ಬಿಸಿಬಿಡುತ್ತದೆ. ಮ್ಯಾಮತ್ತಿನ ಬೆನ್ನು ಹಾಗಲ್ಲ. ಭುಜದ ಹತ್ತಿರದ ಕಶೇರುಗಳ ಮುಳ್ಳುಗಳು ಉದ್ದವಾಗಿ ಎದ್ದು ನಿಂತು, ಅಲ್ಲಿಂದ ಹಿಂಬದಿಗೆ ಇಳಿಜಾರು. ಮಳೆಗಾಲದಲ್ಲಿ ಹಂಚಿನ ಮಾಡನ್ನು ಒಂದೇ ಕಡೆ ಇಳಿಸಿದಂತೆ. ತಲೆಯೂ ಬೇರೆ. ನಮ್ಮ ಆನೆಯ ನೆತ್ತಿಯಲ್ಲಿ ಎರಡು ಕುಂಭ, ನಡುವೆ ತಗ್ಗು. ಮ್ಯಾಮತ್ತಿಗೆ ಎತ್ತರದ ಒಂದೇ ಗುಮ್ಮಟ. ಕುಂಭಸ್ಥಳ ಎಂಬ ಚೆಂದದ ಮಾತನ್ನು ಇಲ್ಲಿ ಏಕವಚನದಲ್ಲಿ ಬಳಸಬೇಕು.

ಏಪ್ರಿಲ್ 14

ಪಾದ ಮಾಡಲು ಹೊರಟು ಸಿಕ್ಕಿಬಿದ್ದೆ. ಮೂಲ ಅಸ್ಥಿಪಂಜರದ ತಲೆ ಮತ್ತು ಪಾದಗಳ ಮೇಲೆ ಚರ್ಮ ಇವತ್ತಿಗೂ ಉಳಿದಿದೆ. ಎಷ್ಟು ಒಳ್ಳೆಯ ಛಾಯಾಚಿತ್ರ ಸಿಕ್ಕರೂ ಒಳಗಿನ ಬೆರಳೆಲುಬು ಕಾಣುವುದಿಲ್ಲ.

ಪಶುವೈದ್ಯಕೀಯ ಕಾಲೇಜೊಂದರಲ್ಲಿ ನನ್ನ ಹಳೆಯ ಶಿಷ್ಯನಿದ್ದಾನೆ. ಅಂಗರಚನಾ ವಿಭಾಗದ ಕಪಾಟಿನಿಂದ ಆನೆಯ ಮುಂಗಾಲಿನ ಎಲುಬುಗಳನ್ನು ತೆಗೆಸಿಕೊಟ್ಟ. "ಮೇಷ್ಟ್ರೇ, ಮುಟ್ಟಿ ನೋಡಿ, ಎತ್ತಲು ಮಾತ್ರ ಹೋಗಬೇಡಿ," ಎಂದ. ನಾವು ಕಂಬವೆಂದುಕೊಳ್ಳುವ ಆ ಕಾಲಿನೊಳಗೆ ಆನೆ ತುದಿಗಾಲಿನಲ್ಲಿ ನಿಂತಿದೆ! ಐದು ಬೆರಳುಗಳು ಓರೆಯಾಗಿ ಇಳಿದಿವೆ, ಹಿಮ್ಮಡಿಯ ಜಾಗದಲ್ಲಿ ಕೊಬ್ಬಿನ ದಪ್ಪ ಮೆತ್ತೆ ಇರುತ್ತದಂತೆ. ಮ್ಯಾಮತ್ತಿನದೂ ಇದೇ ಬಗೆಯ ಪಾದ. ಎರಡು ಗಂಟೆ ಕೂತು ಹನ್ನೊಂದು ಚಿತ್ರ ಬರೆದುಕೊಂಡೆ.

ದವಡೆಯೂ ಇತ್ತು. ಆನೆಗೆ ಜೀವಮಾನದಲ್ಲಿ ಆರು ಸರದಿ ದವಡೆ ಹಲ್ಲು. ಹಳೆಯದು ಸವೆದಂತೆ ಹಿಂದಿನಿಂದ ಹೊಸದು ಮುಂದಕ್ಕೆ ಜರುಗುತ್ತದೆ. ಮ್ಯಾಮತ್ತಿಗೂ ಆರೇ. ಆದರೆ ಅದರ ಹಲ್ಲಿನಲ್ಲಿ ಎನಾಮಲ್ ಪದರಗಳು ತೆಳ್ಳಗೆ, ಒತ್ತೊತ್ತಾಗಿ ಕೂತಿವೆ. ಒರಟು ಹುಲ್ಲನ್ನು ಅರೆದು ಬದುಕಿದ ಪ್ರಾಣಿಗೆ ತಕ್ಕ ಬೀಸುವ ಕಲ್ಲು. ಹತ್ತನೆಯ ಒಂದು ಅಳತೆಯಲ್ಲಿ ಆ ಪದರಗಳನ್ನು ಗೀರುವಾಗ ಸೂಜಿಯೂ ದಪ್ಪವೆನಿಸಿತು.

ಇದೇ ಹಲ್ಲು, ದವಡೆಗಳನ್ನು ಹೋಲಿಸಿಯೇ 1796ರಲ್ಲಿ ಪ್ಯಾರಿಸ್ಸಿನಲ್ಲಿ ಕುವಿಯೆ ಎಂಬಾತ ಭಾರತದ ಆನೆ ಬೇರೆ, ಆಫ್ರಿಕಾದ ಆನೆ ಬೇರೆ, ಮ್ಯಾಮತ್ ಇವೆರಡೂ ಅಲ್ಲ, ಅದು ಅಳಿದುಹೋದ ಜೀವಿ ಎಂದು ಸಾಧಿಸಿದ್ದು. ಪುಸ್ತಕದಲ್ಲಿ ಓದಿದಾಗ ತಲೆಯಾಡಿಸಿದ್ದೆ. ದವಡೆಯ ಮೇಲೆ ಬೆರಳಾಡಿಸಿದ ಮೇಲೆ ಆ ವಾದದ ಬಲ ತಿಳಿಯಿತು.

ಮೇ 20

ಬಾಲ ಮುಗಿಸಿ ಮೂರು ದಿನ ಹೆಮ್ಮೆಪಟ್ಟೆ, ಆಮೇಲೆ ಕತ್ತರಿಸಿದೆ. ಮೂಲದ ಬಾಲ ತುಂಡಾಗಿದೆ, ಅಳತೆ ಪಟ್ಟಿಯಲ್ಲೇ ಹಾಗೆಂದು ಬರೆದಿದೆ. ಸರಿ, ನಮ್ಮ ಆನೆಯದನ್ನೇ ಇಟ್ಟರಾಯಿತು ಎಂದು ಮೂವತ್ತು ಮಣಿ ಪೋಣಿಸಿಬಿಟ್ಟಿದ್ದೆ. ಈಗಿನ ಆನೆಗಳ ಬಾಲದಲ್ಲಿ 28ರಿಂದ 33 ಕಶೇರುಗಳು, ಮ್ಯಾಮತ್ತಿನದರಲ್ಲಿ 21. ಚಳಿನಾಡಿನಲ್ಲಿ ಬಾಲ, ಕಿವಿಗಳು ಗಿಡ್ಡವಾಗಿದ್ದಷ್ಟೂ ಮೈಬಿಸಿ ಉಳಿಯುತ್ತದೆ. ಒಂಬತ್ತು ಮಣಿಗಳು ಮೊಮ್ಮಗಳ ಚೌಕಾಬಾರದ ಕಾಯಿಗಳಾದವು.

ಜೂನ್ 30

ಮಳೆ. ಏನೂ ಒಣಗುತ್ತಿಲ್ಲ. ಎಡ ಹೆಗಲ ಮೂಳೆಯನ್ನು ಇಲಿ ತಿಂದಿದೆ. ಮೈದಾ ಅಂಟು!

ಮೂಲ ಮ್ಯಾಮತ್ತಿಗೆ ಆದದ್ದೂ ಹೆಚ್ಚುಕಡಿಮೆ ಇದೇ ಎಂದು ಸಮಾಧಾನ ಮಾಡಿಕೊಂಡೆ. 1799ರಲ್ಲಿ ಸೈಬೀರಿಯಾದ ಲೆನಾ ನದಿ ಸಮುದ್ರ ಸೇರುವ ಕಡೆ, ಒಸಿಪ್ ಶುಮಾಖೋವ್ ಎಂಬ ಎವೆಂಕಿ ಬುಡಕಟ್ಟಿನ ಬೇಟೆಗಾರನಿಗೆ ಮಂಜುಗಡ್ಡೆಯೊಳಗೆ ಆಕಾರವಿಲ್ಲದ ಒಂದು ಮುದ್ದೆ ಕಂಡಿತು. ವರ್ಷ ವರ್ಷವೂ ಹೋಗಿ ನೋಡಿದ. ಇಂಥದ್ದು ಕಣ್ಣಿಗೆ ಬಿದ್ದರೆ ಮನೆಗೆ ಸಾವು ಎಂದು ಹಿರಿಯರು ಹೇಳಿದ್ದರಿಂದ ಹೆದರಿ ಕಾಯಿಲೆಯೂ ಬಿದ್ದ. ಚೇತರಿಸಿಕೊಂಡು 1804ರಲ್ಲಿ ದಂತಗಳನ್ನು ಕತ್ತರಿಸಿ, ಬೋಲ್ತುನೋವ್ ಎಂಬ ವ್ಯಾಪಾರಿಗೆ 50 ರೂಬಲ್ ಬೆಲೆಯ ಸರಕಿಗೆ ಕೊಟ್ಟ. ಆ ವ್ಯಾಪಾರಿ ಪ್ರಾಣಿಯ ಚಿತ್ರವನ್ನೂ ಬರೆದಿದ್ದಾನೆ. ಸೊಂಡಿಲಿಲ್ಲ, ನೋಡಿದರೆ ದಪ್ಪ ಹಂದಿ. ನನ್ನ ಏಳನೆಯ ತರಗತಿಯ ಹುಡುಗರು ಬರೆದಿದ್ದರೆ ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆ. ಆದರೆ ಅದರ ಪ್ರತಿ ಜರ್ಮನಿಯ ಪ್ರಾಣಿವಿಜ್ಞಾನಿ ಬ್ಲೂಮೆನ್‌ಬಾಕ್ ಕೈಗೆ ಸಿಕ್ಕಾಗ, ಇದು ಮ್ಯಾಮತ್ ಎಂದು ಅವನು ಗುರುತಿಸಿದ.

1806ರಲ್ಲಿ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ಆಡಮ್ಸ್ ಅಲ್ಲಿಗೆ ತಲುಪುವ ಹೊತ್ತಿಗೆ ತೋಳ, ನರಿಗಳು ಮಾಂಸವನ್ನು ಮುಗಿಸಿದ್ದವು. ಸ್ಥಳೀಯರ ನಾಯಿಗಳಿಗೂ ಪಾಲು ಸಿಕ್ಕಿತ್ತು. ಒಂದು ಮುಂಗಾಲು ಕಾಣೆ. ಉಳಿದ ಎಲುಬು, ಹೆಚ್ಚಿನ ಚರ್ಮ, ಸುಮಾರು 18 ಕಿಲೋ ಕೂದಲು ಪೀಟರ್ಸ್‌ಬರ್ಗಿಗೆ ಬಂದವು. ದಂತಗಳನ್ನು ಆತ ಹಿಂದಿರುಗುವ ದಾರಿಯಲ್ಲಿ ಕೊಂಡ, ಇವೇ ಆ ದಂತಗಳು ಎಂದು ನಂಬಿ.

ಅಂಟನ್ನು ಬದಲಿಸಿದೆ. ಈಗ ಮರಗೆಲಸದವರ ಬಿಳಿ ಗೋಂದು.

ಜುಲೈ 23

ಪಕ್ಕೆಲುಬು 19 ಜೋಡಿ. ಬೇಸರದ ಕೆಲಸ. ಮುಗಿಯಿತು.

ಆಗಸ್ಟ್ 11

ದಂತ ಕೂರಿಸಿದೆ. ಹನ್ನೊಂದೂವರೆ ಅಂಗುಲದ ತಂತಿ, ಮೇಲೆ ತಿರುಳು, ಚಹಾದ ಬಣ್ಣ. ನೋಡಲು ಗಂಭೀರವಾಗಿತ್ತು. ಮೊಮ್ಮಗಳು ಬಾಗಿಲಲ್ಲೇ ನಿಂತು, "ತಾತ, ಇದು ಯಾರನ್ನಾದರೂ ತಿವಿಯುವುದು ಹೇಗೆ? ಎರಡೂ ಆಚೆಗೆ ಹೋಗಿವೆಯಲ್ಲ," ಎಂದಳು.

ಅವಳ ಮಾತು ನಿಜ. ತುದಿಗಳು ಹೊರಗೆ, ಹಿಂದಕ್ಕೆ ತಿರುಗಿದ್ದವು. ಪೀಟರ್ಸ್‌ಬರ್ಗಿನಲ್ಲಿ ಮೂಲ ಅಸ್ಥಿಪಂಜರವನ್ನು ಮೊದಲು ಜೋಡಿಸಿದ ಟಿಲೇಸಿಯಸ್ 1808ರಲ್ಲಿ ಮಾಡಿದ ತಪ್ಪು ಇದೇ: ಎಡದ ದಂತ ಬಲಕ್ಕೆ, ಬಲದ್ದು ಎಡಕ್ಕೆ. ಅದನ್ನು ತಿದ್ದುವ ಹೊತ್ತಿಗೆ 1899 ಬಂದಿತ್ತು. ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ನಗುನಗುತ್ತಾ ಹೇಳಿದವನು ನಾನೇ. ಆದರೆ ತಂತಿ ಬಗ್ಗಿಸಲು ಎದುರಿಗಿಟ್ಟುಕೊಂಡಿದ್ದ ಹಳೆಯ ಅಚ್ಚುಚಿತ್ರ ಅವನ ಜೋಡಣೆಯದೇ ಎಂಬುದು ತಲೆಗೆ ಹೊಳೆದಿರಲಿಲ್ಲ. ಗೆರೆ ಇಷ್ಟು ನಾಜೂಕಾಗಿದ್ದರೆ ಚಿತ್ರಕಾರನಾದವನು ಪ್ರಶ್ನೆ ಕೇಳುವುದೇ ಇಲ್ಲ.

ರಾತ್ರಿ ಕೂತು ಯೋಚಿಸಿದೆ. ಅವನು ಅಸಡ್ಡೆಯ ಮನುಷ್ಯನಲ್ಲ. ಸಂಗ್ರಹಾಲಯದಲ್ಲಿದ್ದ ಭಾರತದ ಆನೆಯ ಅಸ್ಥಿಪಂಜರವನ್ನು ಪಕ್ಕಕ್ಕಿಟ್ಟುಕೊಂಡೇ ಎಲುಬು ಎಲುಬನ್ನೂ ಜೋಡಿಸಿದ್ದ. ಉಳಿದದ್ದೆಲ್ಲ ಬಹುಪಾಲು ಸರಿಯಿದೆ. ನನಗೆ ಪಾದ ತೋರಿಸಿಕೊಟ್ಟಂತೆ ಅವನಿಗೂ ಆನೆಯೇ ದಾರಿ ತೋರಿಸಿತ್ತು. ದಂತದ ವಿಷಯದಲ್ಲಿ ಮಾತ್ರ ಅದು ಮೌನಿ. ನಮ್ಮ ಆನೆಯ ದಂತಕ್ಕೆ ಸರಳವಾದ ಒಂದು ಬಾಗು, ಅಷ್ಟೇ. ಮ್ಯಾಮತ್ತಿನ ದಂತ ಹಗ್ಗದಂತೆ ಹುರಿಗೊಂಡಿದೆ: ಕೆಳಕ್ಕೆ ಇಳಿದು, ಹೊರಕ್ಕೆ ಹರಡಿ, ಮತ್ತೆ ಮೇಲಕ್ಕೆದ್ದು ಒಳಕ್ಕೆ ತಿರುಗುತ್ತದೆ. ಅದೂ ಅಲ್ಲದೆ ಆ ದಂತಗಳು ತಲೆಯ ಜೊತೆಗೆ ಬಂದವಲ್ಲ, ಬೇರೆಯಾಗಿ ಕೊಂಡವು. ಯಾವುದು ಎಡ, ಯಾವುದು ಬಲ ಎಂದು ಹೇಳಲು ಅಲ್ಲಿ ಯಾರಿದ್ದರು?

ಆಗಸ್ಟ್ 15

ಬಾವುಟ ಹಾರಿಸಿ ಬಂದು ದಂತಗಳನ್ನು ಕಿತ್ತೆ. ಗುಳಿಗಳ ಸುತ್ತ ಬಿಳಿ ಗೋಂದು ಬಂಡೆಯಂತೆ ಕೂತಿತ್ತು, ಬಲ ದವಡೆಯ ಅಂಚು ಮುರಿಯಿತು. ಹೊಸದಾಗಿ ಏನನ್ನೂ ಬಗ್ಗಿಸಬೇಕಾಗಲಿಲ್ಲ. ಎಡದ್ದನ್ನು ಬಲಕ್ಕೆ ಹಾಕಿ, ಗುಳಿಯಲ್ಲಿ ಕಾಲು ಸುತ್ತು ತಿರುಗಿಸಿದರೆ ಸಾಕಾಯಿತು. ತುದಿಗಳೆರಡೂ ಈಗ ಎದುರುಬದುರು, ನಡುವೆ ಹೆಬ್ಬೆರಳು ತೂರುವಷ್ಟು ಸಂದು.

ತಲೆಯ ಭಾರ ಹೆಚ್ಚಾಗಿ ಇಡೀ ಪ್ರಾಣಿ ಮುಂದಕ್ಕೆ ವಾಲುತ್ತಿದೆ. ಕೆಳಗೆ ಸೀಸದ ತುಂಡು ಕಟ್ಟಬೇಕು, ಇಲ್ಲವೇ ಮಣೆಗೆ ಮೊಳೆ ಹೊಡೆಯಬೇಕು. ಸದ್ಯಕ್ಕೆ ಗದ್ದದ ಕೆಳಗೆ ಮೊಮ್ಮಗಳ ಜಾಮಿಟ್ರಿ ಪೆಟ್ಟಿಗೆ ಇಟ್ಟಿದ್ದೇನೆ. ಸೋಮವಾರ ಶಾಲೆಗೆ ಬೇಕಂತೆ.