ನೆಲದಡಿಯ ಕೊಳವೆ, ಕಡತದೊಳಗಿನ ಕೊಳವೆ

ಹಳೆಯ ಪೈಪ್‌ಲೈನುಗಳ ಮಾತು ಬಂದಾಗ ಮೊದಲು ಕೇಳಿಬರುವುದು ತುಕ್ಕಿನ ವಿಷಯ. ತುಕ್ಕು ಅಪಾಯಕಾರಿಯೇ ಹೌದು. ಆದರೆ ಸ್ಯಾನ್ ಬ್ರೂನೊ ದುರಂತದ ಕುರಿತು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನೀಡಿದ ವರದಿಯನ್ನು ಓದಿದ ಮೇಲೆ, ತಾವು ಹೂತ ಕೊಳವೆ ಎಂಥದ್ದೆಂಬುದು ಅದರ ಒಡೆಯರಿಗೇ ತಿಳಿಯದಿರುವುದು ಅದಕ್ಕಿಂತಲೂ ದೊಡ್ಡ ಅಪಾಯವೆಂದು ನನಗೆ ಮನವರಿಕೆಯಾಗಿದೆ.

2010ರ ಸೆಪ್ಟೆಂಬರ್ 9ರ ಸಂಜೆ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊ ಪಟ್ಟಣದ ಬಡಾವಣೆಯೊಂದರಲ್ಲಿ ಪಿಜಿ ಅಂಡ್ ಇ ಕಂಪನಿಯ 30 ಇಂಚು ವ್ಯಾಸದ ಅನಿಲ ಕೊಳವೆ ಸಿಡಿದು, 8 ಜನ ಸತ್ತರು. 38 ಮನೆಗಳು ನಾಶವಾದವು. ಸುಮಾರು 28 ಅಡಿ ಉದ್ದದ ಉಕ್ಕಿನ ತುಂಡು ನೂರು ಅಡಿ ದೂರಕ್ಕೆ ಹಾರಿ ಬಿದ್ದಿತ್ತು. ಸಿಡಿದ ಭಾಗವನ್ನು ಹೂತದ್ದು 1956ರಲ್ಲಿ. ಅಲ್ಲಿರುವುದು ಉದ್ದಬೆಸುಗೆಯೇ (ಉಕ್ಕಿನ ಹಾಳೆಯನ್ನು ಬಾಗಿಸಿ ಅಂಚುಗಳನ್ನು ಉದ್ದಕ್ಕೂ ಕೂಡಿಸುವ ಬೆಸುಗೆ) ಇಲ್ಲದ ಕೊಳವೆ ಎಂದು ಕಂಪನಿಯ ದಾಖಲೆ ಹೇಳುತ್ತಿತ್ತು. ಅಗೆದು ತೆಗೆದಾಗ ಕಂಡದ್ದು ಬೆಸುಗೆ ಹಾಕಿ ಜೋಡಿಸಿದ ಗಿಡ್ಡ ತುಂಡುಗಳು, ಅವುಗಳಲ್ಲಿ ಕೆಲವಕ್ಕೆ ಒಳಮೈಯ ಬೆಸುಗೆಯನ್ನೇ ಹಾಕಿರಲಿಲ್ಲ. ಅಂದು ಕೊಳವೆಯ ಒತ್ತಡವನ್ನು ನಿಯಂತ್ರಿಸುವ ಮಿಲ್ಪಿಟಾಸ್ ಕೇಂದ್ರದಲ್ಲಿ ನಡೆಯುತ್ತಿದ್ದ ವಿದ್ಯುತ್ ಕೆಲಸದಿಂದಾಗಿ ನಿಯಂತ್ರಣ ವಾಲ್ವ್‌ಗಳು ತೆರೆದುಕೊಂಡು ಒತ್ತಡ ಏರಿತ್ತು. ಆದರೂ ಅದು ಅನುಮತಿಸಲಾಗಿದ್ದ 400 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಮಿತಿಯೊಳಗೇ ಇತ್ತೆಂಬುದನ್ನು ಗಮನಿಸಬೇಕು. ಅನಿಲದ ಹರಿವನ್ನು ನಿಲ್ಲಿಸಲು 95 ನಿಮಿಷ ಹಿಡಿಯಿತು, ಏಕೆಂದರೆ ಸಿಬ್ಬಂದಿ ಸ್ಥಳಕ್ಕೆ ಹೋಗಿ ವಾಲ್ವ್‌ಗಳನ್ನು ಕೈಯಿಂದಲೇ ಮುಚ್ಚಬೇಕಿತ್ತು.

ಈ ಕೊಳವೆಯ ತಪಾಸಣೆ ನಡೆದೇ ಇರಲಿಲ್ಲವೆಂದಲ್ಲ. ಹೊರಮೈಯ ತುಕ್ಕನ್ನು ಅಂದಾಜು ಮಾಡುವ ವಿಧಾನವನ್ನು, ಅಂದರೆ ನೆಲದ ಮೇಲಿನಿಂದಲೇ ವಿದ್ಯುತ್ ಮಾಪನ ನಡೆಸಿ ಲೇಪನ ಎಲ್ಲಿ ಹಾಳಾಗಿದೆಯೆಂದು ಗುರುತಿಸಿ, ಅನುಮಾನವಿದ್ದ ಕಡೆ ಮಾತ್ರ ಅಗೆದು ನೋಡುವ ಕ್ರಮವನ್ನು ಕಂಪನಿ ಅನುಸರಿಸಿತ್ತು. ಬೆಸುಗೆಯ ದೋಷ ಆ ವಿಧಾನಕ್ಕೆ ಕಾಣುವುದೇ ಇಲ್ಲ. ನೀರು ತುಂಬಿ, ಬಳಕೆಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಂಟೆಗಟ್ಟಲೆ ಹಿಡಿದಿಡುವ ಜಲಪರೀಕ್ಷೆ ನಡೆಸಿದ್ದರೆ ದೋಷ ಬಹುಮಟ್ಟಿಗೆ ಅಂದೇ ಬಯಲಾಗುತ್ತಿತ್ತು. ಆದರೆ ಹಳೆಯ ಕೊಳವೆಗಳಿಗೆ 1970ರ ನಿಯಮಗಳು ಆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿದ್ದವು. ಪರೀಕ್ಷೆಯ ಅಗತ್ಯ ಹೆಚ್ಚಾಗಿದ್ದವುಗಳಿಗೇ ವಿನಾಯಿತಿ!

2011ರಲ್ಲಿ ಕಂಪನಿ ತನ್ನ ಹಳೆಯ ಕಡತಗಳನ್ನೆಲ್ಲ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಕೌ ಪ್ಯಾಲೇಸ್ ಎಂಬ ಬೃಹತ್ ಪ್ರದರ್ಶನ ಸಭಾಂಗಣಕ್ಕೆ ಸಾಗಿಸಿ, ಯಾವ ಕೊಳವೆ ಎಲ್ಲಿದೆಯೆಂದು ಹುಡುಕಲು ಜನರನ್ನು ಕೂರಿಸಿತು. ಹೂಳುವಾಗ ಕೆಲವೇ ಹಾಳೆಗಳಲ್ಲಿ ಮುಗಿಯಬಹುದಾಗಿದ್ದ ಕೆಲಸವದು.

ತಪಾಸಣಾ ಯಂತ್ರವೊಂದೇ ಪರಿಹಾರವೆಂದು ನಾನು ಹೇಳುತ್ತಿಲ್ಲ. ಅದೇ 2010ರ ಜುಲೈಯಲ್ಲಿ ಮಿಶಿಗನ್ನಿನ ಮಾರ್ಷಲ್ ಬಳಿ ಒಡೆದ ಎನ್‌ಬ್ರಿಜ್ ಕಂಪನಿಯ ಕಚ್ಚಾತೈಲದ ಕೊಳವೆಯೊಳಗೆ ಸ್ಮಾರ್ಟ್ ಪಿಗ್, ಅಂದರೆ ಒಳಗೇ ಸಾಗುತ್ತ ಗೋಡೆಯ ದೋಷಗಳನ್ನು ಅಳೆಯುವ ಯಂತ್ರ, ಓಡಿಸಲಾಗಿತ್ತು, ಮತ್ತು ಆ ದೋಷ 2005ರಲ್ಲೇ ದಾಖಲಾಗಿತ್ತು. 1969ರಲ್ಲಿ ಸುತ್ತಿದ್ದ ಪಾಲಿಥಿಲೀನ್ ಟೇಪ್ ಉಕ್ಕಿನಿಂದ ಬಿಟ್ಟುಕೊಂಡು, ಅದರಡಿ ತೇವ ಸೇರಿ ಬಿರುಕುಗಳು ಬೆಳೆದಿದ್ದವು. ಸಡಿಲವಾದ ಟೇಪ್ ಕ್ಯಾಥೋಡಿಕ್ ರಕ್ಷಣೆಯ, ಅಂದರೆ ತುಕ್ಕು ತಡೆಯಲು ಕೊಳವೆಗೆ ಹಾಯಿಸುವ, ವಿದ್ಯುತ್ತನ್ನೂ ತಡೆಯುತ್ತದೆ; ಹಾಗಾಗಿ ಮೇಲಿನ ಮಾಪನ ಸರಿಯಿದ್ದರೂ ಕೆಳಗೆ ಲೋಹ ಸವೆಯುತ್ತಿರಬಹುದು. ಕೊಳವೆ ಒಡೆದ ನಂತರವೂ ನಿಯಂತ್ರಣ ಕೊಠಡಿಯವರು ಎಚ್ಚರಿಕೆಯ ಗಂಟೆಗಳನ್ನು ಬೇರೆಯಾಗಿ ಅರ್ಥೈಸಿ ಎರಡು ಬಾರಿ ಪಂಪ್ ಚಾಲೂ ಮಾಡಿದರು. ಸೋರಿದ ತೈಲದಲ್ಲಿ ಶೇ. 81ರಷ್ಟು ಆ ಎರಡು ಸಲದಲ್ಲೇ ಹೊರಬಂದದ್ದು.

ನಮ್ಮಲ್ಲಿಯೂ ಇದರ ಉದಾಹರಣೆಯಿದೆ. ಆಂಧ್ರದ ನಗರಂ ಗ್ರಾಮದಲ್ಲಿ 2014ರ ಜೂನ್ 27ರಂದು ಗೇಲ್ ಕಂಪನಿಯ ಕೊಳವೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕೆಂದು ಹಾಕಿದ್ದ ಆ ಕೊಳವೆಯಲ್ಲಿ ನೀರಿನಂಶವಿದ್ದ ಅನಿಲ ಹರಿಯುತ್ತಿತ್ತು. ಇಲ್ಲಿಯೂ ಕಡತದಲ್ಲಿದ್ದದ್ದು ಒಂದು, ಕೊಳವೆಯಲ್ಲಿದ್ದದ್ದು ಇನ್ನೊಂದು. ಕರ್ನಾಟಕದ ದೊಡ್ಡ ಕೊಳವೆಮಾರ್ಗಗಳು ಇನ್ನೂ ಹೊಸವು. ಮಂಗಳೂರು–ಹಾಸನ–ಬೆಂಗಳೂರು ಮಾರ್ಗ 2003ರದು, ದಾಭೋಲ್–ಬೆಂಗಳೂರು ಮಾರ್ಗ 2013ರದು. ಹಾಕಿದವರಲ್ಲಿ ಅನೇಕರು ಇನ್ನೂ ಕೆಲಸದಲ್ಲಿರುವಾಗಲೇ ಬೆಸುಗೆಯ ಎಕ್ಸ್‌ರೇ ಫಿಲ್ಮು ಮತ್ತು ಜಲಪರೀಕ್ಷೆಯ ದಾಖಲೆಗಳನ್ನು ತಾಳೆ ನೋಡುವುದು ಅಗ್ಗದ ಕೆಲಸ.

ಅಮೆರಿಕ 2019ರಲ್ಲಿ ನಿಯಮ ಬಿಗಿಗೊಳಿಸಿ, ವಿನಾಯಿತಿ ಪಡೆದಿದ್ದ ಅಥವಾ ದಾಖಲೆಯಿಲ್ಲದ ಎಷ್ಟೋ ಅನಿಲ ಕೊಳವೆಗಳ ಗರಿಷ್ಠ ಒತ್ತಡವನ್ನು ಮತ್ತೆ ದೃಢಪಡಿಸಬೇಕೆಂದಿತು. ಆ ಕೆಲಸ ಪೂರ್ತಿ ಮುಗಿಸಲು ಕೊಟ್ಟಿರುವ ಗಡುವು 2035ರ ಜುಲೈ; ಅಷ್ಟರಲ್ಲಿ ಸ್ಯಾನ್ ಬ್ರೂನೊ ಕೊಳವೆಯ ಓರಗೆಯವಕ್ಕೆ ಎಂಬತ್ತು ವರ್ಷ ಸಮೀಪಿಸಿರುತ್ತದೆ.