ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ಎಂಥ ಕಂಪ್ಯೂಟರ್ ಬೇಕು?

ಕಂಪ್ಯೂಟರ್ ಅಂದ ತಕ್ಷಣ ಎಲ್ಲರೂ ಕೇಳುವುದು ಪ್ರೊಸೆಸರ್ ಯಾವುದು ಅಂತ. ನಾನಾದರೆ ಮೊದಲು ಫ್ಯಾನ್ ಸದ್ದಿಗೆ ಕಿವಿ ಕೊಡುತ್ತೇನೆ. ಕಂಡೆನ್ಸರ್ ಮೈಕ್ ತುಂಬಾ ಸೂಕ್ಷ್ಮ, ತಂಬೂರಿ ಶ್ರುತಿಯ ಜೊತೆಗೆ ಲ್ಯಾಪ್‌ಟಾಪಿನ ಗುಂಯ್ ಅನ್ನೋದನ್ನೂ ಹಿಡಿದುಬಿಡುತ್ತದೆ, ಆಮೇಲೆ ಅದನ್ನು ತೆಗೆಯಲು ಹೋದರೆ ದನಿಯ ಜೀವವೂ ಹೋಗುತ್ತದೆ. ಅದಕ್ಕೇ ನನಗೆ ಫ್ಯಾನೇ ಇಲ್ಲದ ಎಂ1 ಮ್ಯಾಕ್‌ಬುಕ್ ಏರ್ ಇಷ್ಟ. ವಿಂಡೋಸ್ ಲ್ಯಾಪ್‌ಟಾಪೂ ಆಗುತ್ತದೆ, ಉದ್ದ ಕೇಬಲ್ ಹಾಕಿ ಮೈಕನ್ನು ದೂರ ಇಡಿ.

ರ‍್ಯಾಮ್ 16 ಜಿಬಿ ಇರಲಿ, ಎಸ್‌ಎಸ್‌ಡಿ ಬೇಕೇ ಬೇಕು. ಮಿಕ್ಕ ದುಡ್ಡು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿಯಾದ ಆಡಿಯೋ ಇಂಟರ್‌ಫೇಸಿಗೆ.

ಹಾಡುವಾಗ ನಮ್ಮ ದನಿ ಹೆಡ್‌ಫೋನಿಗೆ ತಡವಾಗಿ ಬಂದರೆ ತಾಳ ತಪ್ಪುತ್ತದೆ, ಅಲ್ವಾ? ಅದಕ್ಕೆ ಮುಖ್ಯ ಕಾರಣ ಬಫರ್, ಅಂದರೆ ಕಂಪ್ಯೂಟರ್ ಒಂದೊಂದು ಸಲಕ್ಕೆ ಕೂಡಿಟ್ಟುಕೊಂಡು ಕಳಿಸುವ ದನಿಯ ತುಣುಕು. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ದನಿಯ 48,000 ಅಳತೆ, ಒಂದೊಂದೂ ಒಂದು ಸ್ಯಾಂಪಲ್) 128 ಸ್ಯಾಂಪಲ್ ಬಫರ್ ಅಂದರೆ ಸುಮಾರು 2.7 ಮಿಲಿಸೆಕೆಂಡ್, 1024 ಇಟ್ಟರೆ 21 ದಾಟುತ್ತದೆ, ದನಿ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಇನ್ನೂ ಜಾಸ್ತಿ. ರೆಕಾರ್ಡಿಂಗ್‌ಗೆ ಕಮ್ಮಿ ಇಡಿ, ಮಿಕ್ಸ್ ಮಾಡುವಾಗ ಏರಿಸಿ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದ್ದೇ ಎಎಸ್‌ಐಒ ಡ್ರೈವರ್ (ಈ ತಡವನ್ನು ಕಮ್ಮಿ ಮಾಡುವ ತಂತ್ರಾಂಶ) ಹಾಕಿಕೊಳ್ಳಿ. ಸಾಫ್ಟ್‌ವೇರಿಗೆ ಈಗಲೇ ಸುಮ್ನೆ ದುಡ್ಡು ಸುರಿಯಬೇಡಿ, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರನ್ನು 60 ದಿನ ಬಿಟ್ಟಿಯಾಗಿ ಬಳಸಿ ನೋಡಬಹುದು.